ಕಾಫಿಗೆ ದೊರೆಗಳು ಇಟ್ಟ ಹೆಸರುಗಳು

ಮಾಲೂರು
12 ಜುಲೈ 1979

ತೀರ್ಥರೂಪರಿಗೆ ಅನಸೂಯಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವೂ ಅಂಜಮ್ಮಜ್ಜಿಯೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಯುಗಾದಿಗೆ ಬರಲಿಲ್ಲವೆಂದು ಅಜ್ಜಿ ನೊಂದುಕೊಂಡರಂತೆ. ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು.

ಒಂದು ಸಹಾಯ ಬೇಕಾಗಿ ಬರೆಯುತ್ತಿದ್ದೇನೆ. ಇಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಪಾಠ ಹೇಳುತ್ತಲೇ ಅಂಚೆಯ ಮೂಲಕ ಎಂ.ಎ. ಓದುತ್ತಿದ್ದೇನಲ್ಲ, ಅದಕ್ಕೆ ಈ ವರ್ಷ ಒಂದು ಪ್ರಬಂಧ ಬರೆಯಬೇಕು. ಕಳೆದ ವಾರ ಬೆಂಗಳೂರಿಗೆ ಹೋಗಿದ್ದಾಗ ನಮ್ಮ ಪ್ರೊಫೆಸರು, “ಪುಸ್ತಕದ ಇಂಗ್ಲಿಷ್ ಎಲ್ಲರೂ ಬರೆಯುತ್ತಾರೆ. ನಿಮ್ಮ ಕಡೆ ಹಳೆಯ ಜನರ ಬಾಯಲ್ಲಿ ಯಾವ ಇಂಗ್ಲಿಷ್ ಉಳಿದಿದೆ, ಅದನ್ನು ತನ್ನಿ” ಎಂದರು. ನಾನು ಏನೋ ನೆನಪಾಗಿ, ಕಾಫಿಗೆ ಜಾವಾ ಎನ್ನುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೆ ಎಂದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. “ಹಾಗಾದರೆ ಕಾಫಿ ಒಂದನ್ನೇ ಹಿಡಿದುಕೊಳ್ಳಿ” ಎಂದರು.

ಕೋಲಾರದ ಬಂಗಲೆಯಲ್ಲಿ ದೊರೆಗಳು ಕಾಫಿಗೆ ಏನೇನು ಹೇಳುತ್ತಿದ್ದರು ಎಂಬುದು ನೆನಪಿದ್ದಷ್ಟು ಬರೆದು ಕಳಿಸಿ. ನಿಘಂಟಿನಲ್ಲಿ ಇರುವ ಮಾತು ಬೇಡ, ಅವರು ತಮ್ಮತಮ್ಮಲ್ಲಿ ಆಡುತ್ತಿದ್ದ ಮಾತು ಬೇಕು.

ಇತಿ
ಅನಸೂಯ


ರಾಯಲ್ಪಾಡು
20 ಜುಲೈ 1979

ಮಗಳು ಅನಸೂಯಳಿಗೆ ಕದಿರಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತೆಂದ ಕೂಡಲೇ ಅಜ್ಜಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದನ್ನು ಬಿಟ್ಟು ಎದ್ದು ಬಂದಳು. ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ನನಗೇ ಓದಿಕೊಂಡೆ. ಏಳು ತಿಂಗಳ ಮೇಲೆ ಬಂದ ಕಾಗದ. ಕೇಳಿದ್ದು ಕಾಫಿಯ ವಿಚಾರವೇ ಆಗಲಿ, ನನ್ನನ್ನು ಕೇಳಿದೆಯಲ್ಲ.

ಬೋರ್‌ವೆಲ್ ಕೊರೆಯಲು ಬಂದ ಪರದೇಶದವರ ಬಂಗಲೆಯಲ್ಲಿ ನಾನು ಅಡುಗೆಗೆ ಇದ್ದದ್ದು ಐದು ವರ್ಷ. ಇಬ್ಬರು ದೊರೆಗಳು. ಅಮೆರಿಕದವನು ಡೊನವನ್. ನಮ್ಮ ಜನದ ಬಾಯಿಗೆ ಅದು ಸಿಗದೆ ‘ದಾನವ ದೊರೆ’ ಆಗಿಹೋಯಿತು. ಆರೂವರೆ ಅಡಿ ಆಳು, ಕೆಂಪು ಮೀಸೆ, ಹೆಸರಿಗೆ ತಕ್ಕ ಹಾಗೇ ಇದ್ದ, ಆದರೆ ಮನಸ್ಸು ಒಳ್ಳೆಯದು. ಇನ್ನೊಬ್ಬ ಇಂಗ್ಲೆಂಡಿನ ಪರ್ಕಿನ್ಸ್. ಒಣಕಲ, ಮಾತು ಕಡಿಮೆ.

ಸೇರಿದ ಎರಡನೆಯ ದಿನ ಬೆಳಗ್ಗೆ ದಾನವ ದೊರೆ ಹೊರಗೆ ಬಂದು “ಜಾವಾ, ಜಾವಾ, ಕ್ವಿಕ್” ಎಂದ. ನನ್ನನ್ನು ಅವನು ಕ್ಯಾಡಿ ಎಂದು ಕರೆಯುತ್ತಿದ್ದ. ಸೂಪರ್‌ವೈಸರನ ಜಾವಾ ಮೋಟಾರ್ ಸೈಕಲ್ಲು ಶೆಡ್ಡಿನಲ್ಲಿತ್ತು. ನಾನು ಓಡಿಹೋಗಿ ಅದನ್ನು ಬಟ್ಟೆಯಿಂದ ಒರಸಿ, ತಳ್ಳಿಕೊಂಡು ಬಂದು ಮೆಟ್ಟಿಲ ಮುಂದೆ ನಿಲ್ಲಿಸಿ ಸಲಾಮು ಹೊಡೆದೆ. ದೊರೆ ಗಾಡಿಯನ್ನು ನೋಡಿದ, ನನ್ನನ್ನು ನೋಡಿದ, ಮೆಟ್ಟಿಲ ಮೇಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನೇ ಅಡುಗೆಮನೆಗೆ ಬಂದು ಕಾಫಿಪುಡಿ ಡಬ್ಬ ಎತ್ತಿ ಹಿಡಿದು, “ಜಾವಾ” ಎಂದು ಕಲಿಸಿದ.

ಇನ್ನೊಂದು ಜೋ. “ಎ ಕಪ್ ಆಫ್ ಜೋ” ಎನ್ನುತ್ತಾನೆ. ಆಗಂತೂ ಬೋರು ಕೊರೆಯುವ ರಿಗ್ಗಿಗೆ ಗ್ರೀಸು ಹಚ್ಚುತ್ತಿದ್ದ ಜೋಸೆಫನನ್ನು ಕೈಹಿಡಿದು ಕರೆತಂದಿದ್ದೆ.

ಪರ್ಕಿನ್ಸನದು ಕಪ್ಪಾ. ಚಹವೂ ಕಪ್ಪಾ, ಕಾಫಿಯೂ ಕಪ್ಪಾ. ನನಗೆ ಮೊದಲು ಕಪ್ಪೆ ಎಂದು ಕೇಳಿಸಿತ್ತು. ಅವರು ಕಪ್ಪೆ ತಿನ್ನುತ್ತಾರೋ ಏನೋ ಎಂದು ಹೆದರಿದ್ದೆ.

ಇನ್ನೂ ಇದೆ. ರೇಷ್ಮೆ ಹುಳು ನಾಲ್ಕನೆಯ ಜ್ವರಕ್ಕೆ ಮಲಗಿವೆ, ಅವು ಪೊರೆ ಬಿಟ್ಟು ಎದ್ದ ಮೇಲೆ ಬರೆಯುತ್ತೇನೆ. ಅಜ್ಜಿ ಕೇಳು ಅಂದಳು: ಊಟ ಸರಿಯಾಗಿ ಮಾಡುತ್ತೀಯಾ?

ನಿನ್ನ ತಂದೆ
ಕದಿರಪ್ಪ


ಮಾಲೂರು
4 ಆಗಸ್ಟ್ 1979

ತೀರ್ಥರೂಪರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದುತ್ತಾ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಭಾರತಮ್ಮ ಮೇಡಂ “ಏನ್ರೀ ಅನಸೂಯ, ನೀವು ನಗೋದು ಇವತ್ತೇ ನೋಡಿದ್ದು” ಎಂದರು. ಯಾರ ಕಾಗದ ಎಂದು ಕೇಳಿದರು. ಊರಿಂದ ಎಂದೆ.

ಜೋ, ಜಾವಾ ಎರಡೂ ನನ್ನ ನಿಘಂಟಿನಲ್ಲಿ ಕಾಫಿ ಎಂಬ ಅರ್ಥದಲ್ಲಿ ಇಲ್ಲ. ಮಾತುಗಳನ್ನು ಪಟ್ಟಿ ಮಾಡಿ ಪ್ರೊಫೆಸರಿಗೆ ತೋರಿಸಿದೆ, ಬಹಳ ಸಂತೋಷಪಟ್ಟರು. ಇನ್ನು ಮುಂದೆ ಪ್ರತಿ ಮಾತಿಗೂ ಅದನ್ನು ಯಾರು, ಯಾವಾಗ, ಯಾರಿಗೆ ಹೇಳಿದರು ಎಂಬುದನ್ನೂ ಬರೆಯಿರಿ. ಏನೂ ಬಿಡಬೇಡಿ. ಸಣ್ಣದು ಎಂದು ನಿಮಗೆ ಕಂಡದ್ದೂ ನನಗೆ ಬೇಕು.

ಊಟ ಮಾಡುತ್ತೇನೆಂದು ಅಜ್ಜಿಗೆ ಹೇಳಿ.

ಅನಸೂಯ


ರಾಯಲ್ಪಾಡು
27 ಆಗಸ್ಟ್ 1979

ಮಗಳಿಗೆ ಆಶೀರ್ವಾದ.

ಹುಳು ಗೂಡು ಕಟ್ಟಿದವು. ಈಗ ಕೈ ಖಾಲಿ. ನೀನು ಕೇಳಿದ ಹಾಗೇ ಬರೆಯುತ್ತಿದ್ದೇನೆ.

ಮಡ್. ಕೆಸರು ಎಂದರ್ಥ. ಡಿಕಾಕ್ಷನ್ ಗಟ್ಟಿಯಾಗಿ ಬಿದ್ದ ದಿನ ದಾನವ ದೊರೆ ಹೇಳುತ್ತಿದ್ದದ್ದು, ಬೈಗುಳವಲ್ಲ, ಮೆಚ್ಚಿಗೆ. ಬೋರು ಕೊರೆಯುವಾಗ ಮೇಲೆ ಬರುವ ಕೆಸರಿಗೂ ಅವನು ಮಡ್ ಎನ್ನುತ್ತಿದ್ದ. ನರಸಾಪುರದ ಹತ್ತಿರ ಒಂದು ಬೋರಿನಲ್ಲಿ ನೂರೆಂಬತ್ತು ಅಡಿಗೂ ನೀರು ಬಾರದೆ ಎಲ್ಲರೂ ಸೋತು ಕುಳಿತಿದ್ದಾಗ, “ಆ ಮಡ್ ಸಾಕು, ಈ ಮಡ್ ಕೊಡು” ಎಂದು ಲೋಟ ಚಾಚಿದ.

ಡಿಶ್‌ವಾಟರ್. ಇದು ಪರ್ಕಿನ್ಸನದು. ನೀರುನೀರಾದ ಕಾಫಿಗೆ. ನಾವು ಕಲಗಚ್ಚು ಎನ್ನುತ್ತೇವಲ್ಲ, ಅದೇ. ಅವನು ಹಾಗೆಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಬ್ಯಾಟರಿ ಆಸಿಡ್. ಒಲೆಯ ಮೇಲೆ ಮರೆತು ಕುದಿದು ಕಹಿಯಾದದ್ದಕ್ಕೆ. ಇದನ್ನೂ ದಾನವ ದೊರೆ ಕುಡಿದುಬಿಡುತ್ತಿದ್ದ, ಬಿಸಾಡಲು ಬಿಡುತ್ತಿರಲಿಲ್ಲ.

ನಾನು ನಾಲ್ಕನೆಯ ಕ್ಲಾಸು ಓದಿದವನು. ನನ್ನ ಮಾತು ಎಂ.ಎ. ಪುಸ್ತಕಕ್ಕೆ ಹೋಗುತ್ತದೆ ಎಂದರೆ ಊರಲ್ಲಿ ನಂಬುವವರಿಲ್ಲ. ಹೈಸ್ಕೂಲಿನ ಸೊಣ್ಣಪ್ಪ ಮೇಷ್ಟ್ರಿಗೆ ಮಾತ್ರ ಹೇಳಿದ್ದೇನೆ. ಈ ಒಂದು ತಿಂಗಳು ನಾನು ಹೊಲದಲ್ಲಿ ಇದ್ದರೂ ಮನಸ್ಸು ಆ ಅಡುಗೆಮನೆಯಲ್ಲೇ ಇರುತ್ತದೆ. ಅಜ್ಜಿ, “ಏನಪ್ಪಾ ಒಬ್ನೇ ನಗ್ತೀಯ” ಎನ್ನುತ್ತಾಳೆ.

ಕೊನೆಗೆ ಒಂದು ಬರೆದು ಹೊಡೆದುಹಾಕಿದ್ದೇನೆ. ಅದು ಬೇಡ.

ಕದಿರಪ್ಪ


ಮಾಲೂರು
10 ಸೆಪ್ಟೆಂಬರ್ 1979

ತೀರ್ಥರೂಪರಿಗೆ ನಮಸ್ಕಾರಗಳು.

ಹೊಡೆದುಹಾಕಿದ್ದನ್ನು ಬೆಳಕಿಗೆ ಹಿಡಿದು ಓದಿದೆ. ‘ಒನ್ ಫಾರ್ ದಿ ರೋಡ್’ ಎಂದಿದೆ. ಹೊರಡುವ ಮುಂಚೆ ದಾರಿಗೆಂದು ಇನ್ನೊಂದು ಸಲ ಕುಡಿಯುವುದಕ್ಕೆ ಹಾಗೆ ಹೇಳುತ್ತಾರೆಂದು ಗೊತ್ತು, ಆದರೆ ಅದು ಹೆಂಡಕ್ಕೆ. ಕಾಫಿಗೂ ಹೇಳುತ್ತಿದ್ದರೇ? ಯಾರು ಹೇಳಿದ್ದು, ಯಾವಾಗ? ದಯವಿಟ್ಟು ಬರೆಯಿರಿ. ಇದೊಂದು ಸಿಕ್ಕರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಯಾಕೆ ಹೊಡೆದುಹಾಕಿದಿರಿ?

ಅನಸೂಯ


ರಾಯಲ್ಪಾಡು
3 ಅಕ್ಟೋಬರ್ 1979

ಅನಸೂಯಾ,

ಮೂರು ವಾರ ಬರೆಯಲೋ ಬೇಡವೋ ಎಂದು ಇದ್ದೆ. ನೀನು ಏನೂ ಬಿಡಬೇಡಿ ಎಂದೆ. ನಿನ್ನ ಪ್ರಬಂಧಕ್ಕೆ ಎಂದು ಬರೆಯುತ್ತಿಲ್ಲ. ನೀನು ನನ್ನ ಮಗಳು, ನೀನು ಕೇಳಿದೆ, ಅದಕ್ಕೆ.

1972, ನವೆಂಬರ್ ಒಂಬತ್ತು, ಗುರುವಾರ. ಬೆಳಗ್ಗೆ ಹತ್ತು ಗಂಟೆಗೆ ನಮ್ಮೂರ ಬಸ್ಸಿನ ಕಂಡಕ್ಟರು ಬಂಗಲೆಯ ಗೇಟಿಗೆ ಬಂದು ಚೀಟಿ ಕೊಟ್ಟು ಹೋದ. ನೋಟ್‌ಬುಕ್ಕಿನ ಹಾಳೆ, ನಿನ್ನ ಅಕ್ಷರ. “ನಾಯನಾ, ಅಮ್ಮನಿಗೆ ನಿನ್ನೆಯಿಂದ ನೋವು. ಮಗು ಅಡ್ಡ ತಿರುಗಿದೆ ಅಂತ ಸೂಲಗಿತ್ತಿ ಕೈಬಿಟ್ಟಳು. ದೊರೇನ ಕೇಳಿ ಜೀಪ್ ತಗೊಂಡು ಬೇಗ ಬಾ.”

ಆ ದಿನ ಜೀಪು ಬೆಳಗ್ಗೆಯೇ ಮುಳಬಾಗಿಲಿನ ಕಡೆ ಹೋಗಿತ್ತು, ಮೂರು ಗಂಟೆಗೆ ಬಂತು ಎಂದು ನಾನು ಎಲ್ಲರಿಗೂ ಹೇಳಿದೆ. ನಿನಗೂ ಹೇಳಿದೆ, ಅಜ್ಜಿಗೂ ಹೇಳಿದೆ. ಅದು ಸುಳ್ಳು. ಜೀಪು ಬಾಗಿಲಲ್ಲೇ ಇತ್ತು.

ಅವತ್ತು ದಾನವ ದೊರೆಯ ಬೀಳ್ಕೊಡುಗೆ ಊಟ. ಎಂಟು ಜನ ದೊಡ್ಡ ಆಫೀಸರುಗಳು ಬಂದು ವರಾಂಡದಲ್ಲಿ ಕುಳಿತಿದ್ದರು. ನಾನು ಚೀಟಿ ಹಿಡಿದುಕೊಂಡು ಹೋಗಿ ದೊರೆಯ ಮುಂದೆ ನಿಂತೆ. ಐದು ವರ್ಷ ಅವನ ಜೊತೆ ಮಾತಾಡಿದ್ದೆ. ಉಪ್ಪು, ಮೊಟ್ಟೆ, ಬಿಸಿನೀರು, ಕಾಫಿ, ಎಲ್ಲ ಬರುತ್ತಿತ್ತು. ಹೆರಿಗೆ ಕಷ್ಟವಾಗಿದೆ ಎನ್ನಲು ಬರಲಿಲ್ಲ. “ಸಾರ್, ಮೈ ವೈಫ್, ಬೇಬಿ, ಜೀಪ್” ಎಂದೆ.

ದೊರೆ ಎದ್ದು ನಿಂತು ನನ್ನನ್ನು ತಬ್ಬಿಕೊಂಡ. ಕ್ಯಾಡಿಗೆ ಮಗು ಎಂದು ಕೂಗಿದ. ಎಂಟು ಜನವೂ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ನಾನು ನಕ್ಕೆ ಅನಸೂಯಾ. ಅವರು ನಗುತ್ತಿದ್ದರು, ನಾನೂ ನಕ್ಕೆ.

“ಊಟ ಬಡಿಸಿ, ಎಲ್ಲರಿಗೂ ನಿನ್ನ ಕೈಯ ಕಾಫಿ ಕೊಟ್ಟು, ಜೀಪಿನಲ್ಲಿ ರಾಜನ ಹಾಗೆ ಹೋಗು” ಎಂದ ದೊರೆ. ಬಸ್ಸು ಹಿಡಿದು ಹೋಗಬಹುದಿತ್ತು. ಆದರೆ ಬಸ್ಸಿನಲ್ಲಿ ಹೋದರೆ ನಿನ್ನ ಅಮ್ಮನನ್ನು ಆಸ್ಪತ್ರೆಗೆ ತರುವುದು ಹೇಗೆ? ಜೀಪು ಬೇಕಿತ್ತು. ಜೀಪು ಸಿಗಬೇಕಾದರೆ ಊಟ ಮುಗಿಯಬೇಕಿತ್ತು. ಹಾಗೆಂದುಕೊಂಡು ಬಡಿಸಿದೆ.

ಆ ಎಂಟು ಜನರಲ್ಲಿ ಒಬ್ಬರು ಕನ್ನಡದ ಇಂಜಿನಿಯರು. ಅವರ ಕೈಗೆ ಚೀಟಿ ಕೊಟ್ಟಿದ್ದರೆ ಸಾಕಿತ್ತು. ಕೊಡಲು ಹೋದೆ. ಅಷ್ಟರಲ್ಲಿ ದೊರೆ, “ನಮ್ಮ ಕ್ಯಾಡಿಯ ಇಂಗ್ಲಿಷ್ ಕೇಳಿ. ಕ್ಯಾಡಿ, ಕಾಫಿಗೆ ಎಷ್ಟು ಹೆಸರು, ಹೇಳು” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟ್ರೇ ಹಿಡಿದುಕೊಂಡು ಜೋ, ಜಾವಾ, ಮಡ್, ಕಪ್ಪಾ, ಡಿಶ್‌ವಾಟರ್, ಬ್ಯಾಟರಿ ಆಸಿಡ್ ಎಂದು ಒಪ್ಪಿಸಿದೆ. ಬಹಳ ನಕ್ಕರು. ಆ ಇಂಜಿನಿಯರು, “ಶಹಬ್ಬಾಸ್ ಕಣಯ್ಯ, ನಂಗೇ ಗೊತ್ತಿಲ್ಲ ಇಷ್ಟು” ಎಂದರು. ಅದಾದ ಮೇಲೆ ಅವರ ಮುಂದೆ ಚೀಟಿ ಹಿಡಿದು ಕನ್ನಡದಲ್ಲಿ ಅಳುವುದಕ್ಕೆ ನನಗೆ ನಾಚಿಕೆಯಾಯಿತು. ಇದು ನಿಜ. ದೊರೆ ತಡೆಯಲಿಲ್ಲ. ನನ್ನ ನಾಚಿಕೆ ತಡೆಯಿತು.

ಎರಡು ಗಂಟೆಗೆ ಎಲ್ಲರೂ ಎದ್ದರು. ದೊರೆ ಕೈ ಮೇಲೆತ್ತಿ “ಒನ್ ಫಾರ್ ದಿ ರೋಡ್” ಎಂದ. ಮತ್ತೆ ಕುಳಿತರು. ಮತ್ತೆ ಒಲೆ ಹೊತ್ತಿಸಿದೆ.

ಜೀಪು ಹೊರಟಾಗ ಮೂರು. ನಾನು ಬಂದಾಗ ನಾಲ್ಕೂವರೆ. ನೀನು ಹೊಸ್ತಿಲಲ್ಲಿ ನಿಂತಿದ್ದೆ. “ಯಾಕ್ ನಾಯನಾ ಇಷ್ಟೊತ್ತು?” ಎಂದೆ. ಎರಡು ಗಂಟೆಗೇ ಹೋಗಿಬಿಟ್ಟಳು ಎಂದು ಅಜ್ಜಿ ಒಳಗಿಂದ ಹೇಳಿದಳು. ಜೀಪು ಇರಲಿಲ್ಲಮ್ಮ ಎಂದೆ.

ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ತನ್ನ ಸ್ವಂತ ಮಗನ ಮನೆ ಬಿಟ್ಟು, ಹೆಂಡತಿ ಇಲ್ಲದ ಅಳಿಯನಿಗೆ ಮುದ್ದೆ ತಿರುವಿ ಹಾಕುತ್ತಿದ್ದಾಳೆ. ‘ಜೀಪೇ ಇಲ್ದಿದ್ರೆ ನೀನೇನ್ ಮಾಡಾಕಾಯ್ತದಪ್ಪ’ ಎಂದು ನನಗೇ ಸಮಾಧಾನ ಹೇಳುತ್ತಾಳೆ.

ನಿನಗೆ ಏನು ಅನಿಸಿದರೂ ಬರೆ. ಬೈದಾದರೂ ಬರೆ.

ನಿನ್ನ ನಾಯನ


ರಾಯಲ್ಪಾಡು
18 ಡಿಸೆಂಬರ್ 1979
(ಕಾರ್ಡು)

ಅನಸೂಯಳಿಗೆ ಆಶೀರ್ವಾದ. ನನ್ನ ಕಾಗದ ತಲುಪಿತೋ ಇಲ್ಲವೋ. ತಲುಪಿದೆ ಎಂದಷ್ಟೇ ಬರೆದರೂ ಆದೀತು. ಇಲ್ಲಿ ಚಳಿ ಜಾಸ್ತಿ. ಅಜ್ಜಿಗೆ ಮಂಡಿ ನೋವು. ಸಂಕ್ರಾಂತಿಗೆ ಬಂದರೆ ಅವಳಿಗೆ ಸಂತೋಷ.
ಕದಿರಪ್ಪ


ಮಾಲೂರು
22 ಫೆಬ್ರುವರಿ 1980
(ಕಾರ್ಡು)

ತೀರ್ಥರೂಪರಿಗೆ ನಮಸ್ಕಾರಗಳು. ನಿಮ್ಮ ಕಾಗದಗಳು ತಲುಪಿವೆ. ಪ್ರಬಂಧ ಒಪ್ಪಿಸಿದ್ದಾಯಿತು. ಏಪ್ರಿಲ್‌ನಲ್ಲಿ ಪರೀಕ್ಷೆ ಇರುವುದರಿಂದ ಯುಗಾದಿಗೂ ಬರಲಾಗುವುದಿಲ್ಲ. ಅಜ್ಜಿಯ ಮಂಡಿಗೆ ಹಚ್ಚಲು ಒಂದು ಮುಲಾಮು ಕಳಿಸುತ್ತಿದ್ದೇನೆ.
ಅನಸೂಯ


ರಾಯಲ್ಪಾಡು
17 ಆಗಸ್ಟ್ 1980

ಅನಸೂಯಳಿಗೆ,

ನೀನು ಹೇಳದಿದ್ದರೂ ನಿನ್ನ ಪ್ರಬಂಧ ಅಚ್ಚಾದ ಸುದ್ದಿ ನನಗೆ ತಿಳಿಯಿತು. ಹೇಗೆಂದು ಬರೆಯುತ್ತೇನೆ.

ಹೋದ ಭಾನುವಾರ ಬೆಳಗ್ಗೆ ವೆಂಕಟರತ್ನಮ್ಮನ ಹೋಟೆಲಿನ ಮುಂದೆ ಹತ್ತು ಹದಿನೈದು ಜನ ಇದ್ದೆವು. ಟೊಮೇಟೊ ಲಾರಿ ಕಾಯುತ್ತಿದ್ದೆವು. ಸೊಣ್ಣಪ್ಪ ಮೇಷ್ಟ್ರು ಸೈಕಲ್ಲಿನಲ್ಲಿ ಬಂದವರು ಇಳಿಯುವುದಕ್ಕೆ ಮುಂಚೆಯೇ, “ಕದಿರಪ್ಪಣ್ಣಾ, ನಿನ್ ಮಗಳು ಪುಸ್ತಕದಲ್ಲಿ ಬಂದವ್ಳೆ ನೋಡು!” ಎಂದು ಕೂಗಿದರು. ಇಂಗ್ಲಿಷ್ ಮೇಷ್ಟ್ರುಗಳಿಗೆ ಅಂಚೆಯಲ್ಲಿ ಬರುವ ಪತ್ರಿಕೆಯಂತೆ. ನಿನ್ನ ಹೆಸರನ್ನು ಬೆರಳಿಟ್ಟು ತೋರಿಸಿದರು. ನಾನು ಅದನ್ನು ಮುಟ್ಟಿ ನೋಡಿದೆ. ಎಲ್ಲರಿಗೂ ಕಾಫಿ ಹೇಳಿದೆ.

“ಓದಿ ಮೇಷ್ಟ್ರೇ, ಕನ್ನಡದಲ್ಲಿ ಹೇಳಿ, ಎಲ್ರೂ ಕೇಳ್ಲಿ” ಎಂದವನು ನಾನೇ.

ಅವರು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದರು. ಜಾವಾ ಮೋಟಾರ್ ಸೈಕಲ್ಲು ಬಂತು. ಜನ ಬಿದ್ದುಬಿದ್ದು ನಕ್ಕರು. ಜೋಸೆಫ ಬಂದ. ಕಪ್ಪೆ ಬಂತು. ಆಮೇಲೆ ಮೇಷ್ಟ್ರು ಒಂದು ಪುಟ ತಿರುಗಿಸಿ ಅದೇ ದನಿಯಲ್ಲಿ ಓದುತ್ತಾ ಹೋದರು. “ಮಾಹಿತಿ ಕೊಟ್ಟವನು ಕೆ. ಎಂಬ ಮಾಜಿ ಅಡುಗೆಯವ, ಗಡಿ ಗ್ರಾಮದವನು, ವಯಸ್ಸು ಸುಮಾರು ಐವತ್ತೆಂಟು, ನಿರಕ್ಷರಿ. ಇಂಥವರ ಇಂಗ್ಲಿಷು ಒಡೆಯನ ಬಾಯಿರುಚಿಯಷ್ಟೇ ಉದ್ದ, ಅದರಾಚೆ ಅವರಿಗೆ ಭಾಷೆ ಇಲ್ಲ. ಉದಾಹರಣೆಗೆ, 1972ರಲ್ಲಿ ಈತನ ಹೆಂಡತಿ ಹೆರಿಗೆಯಲ್ಲಿ…” ಅಲ್ಲಿಗೆ ಅವರ ದನಿ ನಿಧಾನವಾಯಿತು. ಮುಂದೆ ಏನಿದೆ ಎಂದು ಕಣ್ಣಲ್ಲೇ ಓದಿಕೊಂಡರು. ಪತ್ರಿಕೆ ಮುಚ್ಚಿದರು.

“ಮುಂದಕ್ ಹೇಳಿ ಮೇಷ್ಟ್ರೇ” ಎಂದ ಮುನಿಯಲ್ಲಪ್ಪ. ಯಾಕೆ ನಿಲ್ಲಿಸಿದರೆಂದು ಅವನಿಗೆ ಗೊತ್ತಾಗಲಿಲ್ಲ.

“ಬೇಡ ಬಿಡಪ್ಪ.”

“ಹೇಳಿ ಮೇಷ್ಟ್ರೇ” ಎಂದು ಇನ್ನೊಂದು ದನಿ ಬಂತು. ಹಿಂದೆ ಅಜ್ಜಿ ನಿಂತಿದ್ದಳು. ತಲೆಯ ಮೇಲೆ ಸೊಪ್ಪಿನ ಹೊರೆ ಹಾಗೇ ಇತ್ತು. ಮೊಮ್ಮಗಳ ಹೆಸರು ಪುಸ್ತಕದಲ್ಲಿ ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ ಬಂದಿದ್ದಳು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೇಳಿ ಎಂದೆ. ಇನ್ನೇನು ಮಾಡಲಿ? ಜೀಪು ಬಾಗಿಲಲ್ಲಿದ್ದದ್ದು, ಎಂಟು ಜನ ಕೈ ಕುಲುಕಿದ್ದು, ನಾನು ನಕ್ಕದ್ದು, ಟ್ರೇ ಹಿಡಿದು ಒಪ್ಪಿಸಿದ್ದು, ಮತ್ತೆ ಒಲೆ ಹೊತ್ತಿಸಿದ್ದು, ಎಲ್ಲ ಇತ್ತು. ನಾನು ಬರೆದದ್ದರಲ್ಲಿ ಒಂದನ್ನೂ ನೀನು ಬಿಟ್ಟಿಲ್ಲ. ನನಗೆ ನಾಚಿಕೆಯಾಯಿತು ಎಂದಿದ್ದೆನಲ್ಲ, ಅದೊಂದು ಮಾತ್ರ ಇರಲಿಲ್ಲ.

ಅಜ್ಜಿ ಹೊರೆ ಇಳಿಸಿದಳು. ದುಃಖ ಹೆಚ್ಚಾದಾಗ ಅವಳಿಗೆ ತೆಲುಗೇ ಬರುವುದು. “ನಾ ಬಿಡ್ಡ ಅರುಸ್ತಾ ಉಂಟೇ ನುವ್ವು ಕಾಫೀ ಪೋಸ್ತಾ ಉಂಟಿವಾ?” ಎಂದಳು. ನನ್ನ ಮಗಳು ಕೂಗಿಕೊಳ್ಳುತ್ತಿದ್ದಾಗ ನೀನು ಕಾಫಿ ಬಗ್ಗಿಸುತ್ತಿದ್ದೆಯಾ. ಅಷ್ಟೇ ಕೇಳಿದ್ದು. ಸೋಮವಾರ ಬೆಳಗ್ಗೆ ಅವಳ ಮಗ ಮುನಿಶಾಮಿ ಮುಳಬಾಗಿಲಿನಿಂದ ಬಂದು ಕರೆದುಕೊಂಡು ಹೋದ. ಅವನು ನನ್ನ ಮನೆಯೊಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತಿದ್ದ. ಅಜ್ಜಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡಳು. ನೀನು ಕಳಿಸಿದ ಮುಲಾಮಿನ ಸೀಸೆ ಇಲ್ಲೇ ಇದೆ.

ನೀನು ಬರೆದದ್ದು ಸುಳ್ಳಲ್ಲ. ಅದಕ್ಕೆ ನಾನು ಏನೂ ಹೇಳುವ ಹಾಗಿಲ್ಲ. ಒಂದು ಮಾತ್ರ ಕೇಳುತ್ತೇನೆ. ನಿರಕ್ಷರಿ ಎಂದು ಬರೆದಿದ್ದೀಯಲ್ಲ ಅನಸೂಯಾ, ಹಾಗಾದರೆ ನಿನಗೆ ಬಂದ ಕಾಗದಗಳನ್ನು ಬರೆದವರು ಯಾರು?

ಕದಿರಪ್ಪ


ಮಾಲೂರು
29 ಸೆಪ್ಟೆಂಬರ್ 1980

ನಾಯನಾ,

ಐದು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಅಕ್ಟೋಬರ್ ಕಾಗದ ಬಂದ ದಿನ ಶಾಲೆಗೆ ಹೋಗಲಿಲ್ಲ. ಜ್ವರ ಎಂದು ಚೀಟಿ ಕಳಿಸಿದೆ. ನಿನಗೆ ಉತ್ತರ ಬರೆಯಲು ಕುಳಿತರೆ, ಕನ್ನಡದಲ್ಲಿ ಒಂದು ಸಾಲು ಬರೆದ ಕೂಡಲೇ ಅಮ್ಮ ಕೂಗಿದ್ದು ಕೇಳುತ್ತಿತ್ತು. ಸೂಲಗಿತ್ತಿ ನನ್ನನ್ನು ಹೊರಗೆ ಹೋಗು ಎಂದಿದ್ದಳು, ನಾನು ಹೋಗಿರಲಿಲ್ಲ. ಅಮ್ಮ ಮಧ್ಯೆ ಮಧ್ಯೆ “ಜೀಪ್ ಸದ್ದು ಕೇಳ್ತಾ ಐತಾ ನೋಡೇ” ಎನ್ನುತ್ತಿದ್ದಳು. ನಾನು ಪ್ರತಿ ಸಲ ಹೊರಗೆ ಓಡಿ ನೋಡಿ ಬರುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆದಾಗ ಅದು ಕೇಳಲಿಲ್ಲ. ಹೆಂಡತಿ, ಹೆರಿಗೆ, ಮಾಹಿತಿದಾರ ಎಂದು ಬರೆದುಕೊಂಡು ಹೋದೆ. ಯಾರದೋ ಹೆಂಡತಿ. ಯಾರದೋ ಹೆರಿಗೆ. ಬರೆದು ಮುಗಿಸಿದ ದಿನ ಮೊದಲ ಸಲ ನೆಮ್ಮದಿಯಾಗಿ ಮಲಗಿದೆ. ನಿನ್ನನ್ನು ನೋಯಿಸಬೇಕೆಂದು ಬರೆಯಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಸ್ವಲ್ಪ ಅದಕ್ಕೂ ಬರೆದೆ. ಆದರೆ ಅದು ನಿನ್ನ ಬೀದಿಗೆ ಬಂದು ಕನ್ನಡವಾಗುತ್ತದೆ ಎಂದುಕೊಂಡಿರಲಿಲ್ಲ.

ಪ್ರೊಫೆಸರು “ಈತ ನಿಮಗೆ ಪರಿಚಯವೇ?” ಎಂದು ಕೇಳಿದ್ದರು. ಇಲ್ಲ, ಊರಿನವನು ಎಂದೆ. ಓದು ಬರಹ ಬರುತ್ತದೆ ಎಂದರೆ ಅವನ ಕಾಗದ ತೋರಿಸಿ ಎನ್ನುತ್ತಿದ್ದರು. ಕಾಗದದ ಕೊನೆಯಲ್ಲಿ ‘ನಿನ್ನ ನಾಯನ’ ಎಂದಿತ್ತು. ಅದಕ್ಕೆ ನಿರಕ್ಷರಿ ಎಂದು ಬರೆದೆ.

ಮುಳಬಾಗಿಲಿಗೆ ಹೋಗಿದ್ದೆ. ಅಜ್ಜಿ ಊಟಕ್ಕೆ ಹಾಕಿದರು. ಹೊರಡುವಾಗ, “ವರ್ಷವೆಲ್ಲ ನಿನಗೆ ಗೊತ್ತಿತ್ತು. ನನಗೆ ಹೇಳೋಕ್ ಮುಂಚೆ ಪುಸ್ತಕಕ್ಕೆ ಹೇಳಿದ್ಯಾ” ಎಂದರು. ನಿನ್ನ ಮನೆಗೆ ಕರೆದುಕೊಂಡು ಬರುತ್ತೇನೆಂದೆ. ತಲೆಯಾಡಿಸಿದರು, ಬರುವುದಿಲ್ಲ ಎಂದು.

ಆ ಚೀಟಿ ಬರೆದವಳು ನಾನು. ಅಮ್ಮ ಸಾಯುತ್ತಾಳೆ ಎಂದು ಸೂಲಗಿತ್ತಿ ನನ್ನ ಮುಂದೆಯೇ ಹೇಳಿದ್ದಳು. ಅದನ್ನೇ ಬರೆಯಬೇಕೆಂದು ಪೆನ್ಸಿಲ್ ಇಟ್ಟೆ. ಸಾ ಎಂಬ ಅಕ್ಷರ ಬರೆಯಲು ಕೈ ಬರಲಿಲ್ಲ. ಬೇಗ ಬಾ ಎಂದು ಬರೆದೆ. ಸರಿಯಾಗಿ ಬರೆದಿದ್ದರೆ ನೀನು ನಗುತ್ತಿರಲಿಲ್ಲವೇನೋ.

ಆ ಪ್ರಬಂಧದಿಂದ ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಜನವರಿಗೆ ಸೇರಬೇಕು. ಬೇಡವೆನ್ನಲು ಎರಡು ಸಲ ಕಾಗದ ಬರೆದೆ. ಹಾಕಲಿಲ್ಲ. ಹೋಗುತ್ತೇನೆ ಅನಿಸುತ್ತದೆ. ಹೋಗುವ ಮುಂಚೆ ಊರಿಗೆ ಬರಲೇ? ಬರಬೇಡ ಎಂದರೆ ಬರುವುದಿಲ್ಲ.

ಅನಸೂಯ


ರಾಯಲ್ಪಾಡು
21 ಡಿಸೆಂಬರ್ 1980

ಅನಸೂಯಾ,

ಉತ್ತರ ತಡವಾಯಿತು. ಹೈದರಾಬಾದಿಗೆ ಹೋಗು. ಕೆಲಸ ಬಿಡಬೇಡ.

ಊರಿಗೆ ಬರಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಬಂದರೆ ಏನು ಮಾತಾಡಲಿ ಎಂದು ಯೋಚಿಸಿದೆ. ನಾನು ಬಾಯಿ ತೆರೆದಾಗಲೆಲ್ಲ ಇದನ್ನೂ ಬರೆದುಕೊಳ್ಳುತ್ತಾಳೋ ಏನೋ ಎಂದು ನಿನ್ನ ಕೈಯನ್ನೇ ನೋಡುತ್ತೇನೆ. ನಿನಗೂ ಅದು ಗೊತ್ತಾಗುತ್ತದೆ. ಅದಕ್ಕಿಂತ ನೀನು ಅಲ್ಲೇ ಇರುವುದು ಮೇಲು.

ಈ ಸಲ ಹುಳು ಸಾಕಲಿಲ್ಲ. ಸೊಪ್ಪು ಹೆಚ್ಚುವವರಿಲ್ಲ. ಹೋಟೆಲಿನ ಕಡೆ ಹೋಗುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ, ಅನ್ನುವುದಿಲ್ಲ ಎಂಬುದೇ ಕಷ್ಟ. ನಾನು ಬಂದರೆ ವೆಂಕಟರತ್ನಮ್ಮ ಕಾಫಿ ಬೇಕಾ ಎಂದು ಕೇಳಲು ಹಿಂಜರಿಯುತ್ತಾಳೆ.

ನಿನ್ನ ಚೀಟಿಯ ವಿಚಾರ ಬಿಡು. ಹದಿನೈದು ವರ್ಷದ ಹುಡುಗಿ ಬರೆಯಬೇಕಾದ್ದನ್ನೆಲ್ಲ ಬರೆದಿತ್ತು. ಓದಿದ ನನಗೆ ಅರ್ಥವಾಗಿತ್ತು.

ಒಂದು ಹೇಳಬೇಕು. ಇಷ್ಟು ವರ್ಷ ನಾನು ಒಂದು ಮಾತಿಗೆ ಜೋತುಬಿದ್ದು ಬದುಕಿದ್ದೆ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬಂದಿದ್ದರೆ ಕೇಳುತ್ತಿದ್ದೆ ಎಂದು. ನೀನೂ ಪ್ರಬಂಧದಲ್ಲಿ ಅದನ್ನೇ ಬರೆದೆ, ಇಂಥವರಿಗೆ ಭಾಷೆ ಇಲ್ಲ ಎಂದು. ಹೋದ ವಾರ ಮೇಷ್ಟ್ರ ಮನೆಗೆ ಹೋಗಿ ಕೇಳಿದೆ. ‘ನನ್ನ ಹೆಂಡತಿ ಸಾಯುತ್ತಿದ್ದಾಳೆ, ಜೀಪು ಕೊಡಿ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಅವರು ಹೇಳಿದರು. ಮೈ ವೈಫ್ ಈಸ್ ಡೈಯಿಂಗ್. ಗಿವ್ ಮಿ ದಿ ಜೀಪ್.

ಡೈಯಿಂಗ್ ಎಂಬ ಮಾತು ನನಗೆ ಗೊತ್ತಿತ್ತು ಅನಸೂಯಾ. ದೊರೆ ದಿನಾ ಬೆಳಗ್ಗೆ ಏಳುತ್ತಲೇ, “ಕ್ಯಾಡಿ, ಐ ಆಮ್ ಡೈಯಿಂಗ್ ಫಾರ್ ಎ ಕಪ್” ಎನ್ನುತ್ತಿದ್ದ. ಐದು ವರ್ಷ ಕೇಳಿದ್ದೇನೆ. ಕಾಫಿ ಬೇಗ ಬೇಕೆಂದರೆ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ. ಸಾಯುವುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಲಿಲ್ಲ. ಆ ಮಾತು ಅವತ್ತೂ ನನ್ನ ಬಾಯಲ್ಲೇ ಇತ್ತು.

ಇದನ್ನು ನಿನಗೊಬ್ಬಳಿಗೇ ಹೇಳಿದ್ದೇನೆ. ಎಲ್ಲೂ ಬರೆಯಬೇಡಮ್ಮ.

ಕದಿರಪ್ಪ